ತಾಳ್ಯದ ಗ್ಯಾಸ್ ಗುಂಡಿ

ಜನರ ಮನೆಗೆ ಹೊಸ ವಸ್ತು ತಂದು ಕೂರಿಸುವ ಕೆಲಸದಲ್ಲಿದ್ದವರು ನಗೆಪಾಟಲಾಗಲು ಕಷ್ಟಪಡಬೇಕಿಲ್ಲ, ಅದು ತಾನಾಗಿಯೇ ಬರುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಹೊಳಲ್ಕೆರೆ ತಾಲ್ಲೂಕಿನಲ್ಲಿ ಗೋಬರ್ ಗ್ಯಾಸ್ ಹಾಕಿಸುತ್ತಿದ್ದೆ. ಗೋಬರ್ ಗ್ಯಾಸ್ ಅಂದರೆ, ಸಗಣಿಯನ್ನು ನೀರಲ್ಲಿ ಕದಡಿ ಬಾವಿಯಂಥ ಗುಂಡಿಗೆ ಬಿಟ್ಟು, ಮೇಲೆ ಕಬ್ಬಿಣದ ಡ್ರಮ್ ಬೋರಲು ಹಾಕುವುದು. ಒಳಗೆ ಹುಟ್ಟಿದ ಗ್ಯಾಸ್ ಡ್ರಮ್ಮನ್ನು ಮೇಲಕ್ಕೆತ್ತುತ್ತದೆ. ಕೊಳವೆಯಲ್ಲಿ ಅಡುಗೆಮನೆಗೆ ಹೋಗಿ ಒಲೆಯಲ್ಲಿ ಉರಿಯುತ್ತದೆ. ಸಗಣಿ ತಿಪ್ಪೆಯಲ್ಲಿ ಕೊಳೆತರೂ ಅದೇ ಗ್ಯಾಸ್ ಹುಟ್ಟುತ್ತದೆ, ಆದರೆ ಸುಮ್ಮನೆ ಗಾಳಿಗೆ ಸೇರುತ್ತದೆ. ಹಾಗೆ ಸೇರಿದ್ದು ಭೂಮಿಯನ್ನು ಬಿಸಿ ಮಾಡುತ್ತದಂತೆ. ಈಗ ತಿಳಿದವರು ಹೇಳುತ್ತಾರೆ. ಆಗ ನಮಗೆ ಅಷ್ಟೆಲ್ಲ ಗೊತ್ತಿರಲಿಲ್ಲ. ಅಡುಗೆಮನೆಯ ಹೊಗೆ ತಪ್ಪಿದರೆ ಸಾಕಾಗಿತ್ತು.

ಅದೇ ತಾಲ್ಲೂಕಿನ ತಾಳ್ಯದ ಒಂದು ಮನೆಯ ಸೊಸೆಗೆ ಹೊಗೆಯಿಂದ ಕಣ್ಣು ಸದಾ ಕೆಂಪು, ಸದಾ ನೀರು. ಡಾಕ್ಟರು, ಹೀಗೇ ಆದರೆ ದೃಷ್ಟಿಗೇ ಕುತ್ತು ಎಂದಿದ್ದರು. ಅವಳ ಗಂಡ ಹೆದರಿ ಗುಂಡಿ ತೋಡಿಸಿದ. ಮನೆಯ ಯಜಮಾನಿ, ಅಂದರೆ ಅವನ ತಾಯಿ (ಊರಿಗೆಲ್ಲ ಅಜ್ಜಿ), ಒಂದೇ ಮಾತು ಹೇಳಿದರು: "ದೀಪಾವಳಿ ಮಟ ನೋಡ್ತೀನಿ. ಸರಿಬರಲಿಲ್ಲ ಅಂದ್ರೆ ಗುಂಡಿ ಮುಚ್ಚಿ ಮತ್ತೆ ತಿಪ್ಪೆನೇ ಹಾಕೋದು."

೧. ಕುರಿ ಹಿಕ್ಕೆ

"ಡ್ರಮ್ ಏಳವಲ್ದು, ಬರ್ರಿ" ಎಂದು ಅಜ್ಜಿಯ ಮಗ ಹೇಳಿಕಳಿಸಿದ. ಹೋಗಿ ಡ್ರಮ್ ಎತ್ತಿಸಿ ನೋಡಿದರೆ ಗುಂಡಿಯ ತುಂಬ ಕುರಿ ಹಿಕ್ಕೆ ತೇಲುತ್ತಿತ್ತು. ಪಕ್ಕದ ಮನೆಯ ಕುರಿ ಸಾಕುವ ಯಜಮಾನರು, ಸೊಸೆಯ ಕಣ್ಣು ನೋಡಲಾರದೆ, ಪ್ರೀತಿಯಿಂದ ಮಂಕರಿಗಟ್ಟಲೆ ತಂದು ಸುರಿದಿದ್ದರು.

"ನಮ್ಮ ಕುರಿ ಒಂದು ರಾತ್ರಿ ಮಲಗಿದ ಹೊಲ ಹೆಂಗೆ ಬೆಳೀತೈತೆ ಗೊತ್ತಾ? ಅಂಥಾದ್ದು ಹಾಕೀವಿ, ನಿಮ್ಮ ಡ್ರಮ್ಮಿಗೇನು ಧಾಡಿ?"

ಒಣಗಿದ ಹಿಕ್ಕೆ ನೀರಲ್ಲಿ ಕರಗುವುದಿಲ್ಲ, ತೇಲಿ ಹೆಪ್ಪುಗಟ್ಟುತ್ತದೆ, ಗ್ಯಾಸಿಗೆ ದಾರಿ ಕಟ್ಟುತ್ತದೆ ಎಂದು ಬಿದಿರಿನಿಂದ ಕದಡುತ್ತಲೇ ವಿವರಿಸಿದೆ. ಅವರು ಪೂರಾ ಕೇಳಿಸಿಕೊಂಡು ತೀರ್ಪು ಕೊಟ್ಟರು: "ಹಂಗಾದ್ರೆ ತಪ್ಪು ಹಿಕ್ಕೇದಲ್ಲ ಬಿಡ್ರಿ, ನೀರಿಂದು."

೨. ಮೊದಲ ಲೋಟ

ಹಿಕ್ಕೆ ತೆಗೆಸಿದ ಮೇಲೆ ಡ್ರಮ್ ಎದ್ದಿತು, ಗ್ಯಾಸ್ ಒಲೆ ಹತ್ತಿತು. ಸೊಸೆ ಹಾಲು ಕಾಯಿಸಿದಳು. ಆದರೆ ಸಗಣಿಯ ಉರಿಯಲ್ಲಿ ಕಾದದ್ದನ್ನು ಕುಡಿಯುವವರು ಯಾರು? ಕಟ್ಟಿಗೆ ಒಲೆಗೆ ಒಟ್ಟುವ ಕುಳ್ಳು, ಅಂದರೆ ಬೆರಣಿ, ಸಗಣಿಯದೇ, ಅದರಲ್ಲಿ ನಿತ್ಯ ಬೇಯಿಸಿ ಉಂಡವರೇ ಎಲ್ಲರೂ. ಆದರೂ ಒಬ್ಬರೂ ಲೋಟ ಮುಟ್ಟಲಿಲ್ಲ.

"ಸಾಹೇಬ್ರು ಮೊದ್ಲು ಕುಡೀಲಿ" ಎಂದರು ಅಜ್ಜಿ.

ಕುಡಿದೆ. ಮನೆಮಂದಿಯೆಲ್ಲ ನನ್ನ ಮುಖವನ್ನೇ ನೋಡುತ್ತ ಕುಂತರು.

"ವಾಸನೆ ಬಂತಾ?"

"ಇಲ್ಲ ಅಜ್ಜಿ, ಒಂಚೂರೂ ಇಲ್ಲ."

"ನಿಮಗೆ ಹೆಂಗೆ ಬಂದೀತು? ದಿನಾ ಅದರಾಗೇ ಇರ್ತೀರಿ."

೩. ದೀಪಾವಳಿ

ನಮ್ಮ ಕಡೆ ದೀಪಾವಳಿಯಲ್ಲಿ ತಿಪ್ಪೆಗೂ ದೀಪ ಇಡುತ್ತಾರೆ. ಹೊಲಕ್ಕೆ ಗೊಬ್ಬರ ಕೊಡುವ ತಿಪ್ಪೆ ನಮಗೆ ಲಕ್ಷ್ಮಿ. ಸಗಣಿಯೆಲ್ಲ ಗುಂಡಿಗೆ ಹೋಗಿ ಈ ಮನೆಯಲ್ಲಿ ಈಗ ತಿಪ್ಪೆಯೇ ಇಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಅಜ್ಜಿಯ ತೀರ್ಮಾನ ಕೇಳಲು ಮುಸ್ಸಂಜೆಗೆ ಹೋದೆ. ನೋಡಿದರೆ, ಗ್ಯಾಸ್ ತುಂಬಿ ಎದ್ದು ನಿಂತ ಡ್ರಮ್ಮಿನ ಮೇಲೆ ಚೆಂಡುಹೂವು, ಪಕ್ಕದಲ್ಲಿ ಉರಿಯುವ ಹಣತೆ! ಡ್ರಮ್ಮಿನ ಅಂಚಿನಲ್ಲಿ ಗ್ಯಾಸ್ ಸೋರುತ್ತಲೇ ಇರುತ್ತದೆ. ನಾನು ದೂರದಿಂದಲೇ ಕೂಗಿದೆ.

"ಅಜ್ಜಿ, ದೀಪ ತೆಗೀರಿ! ಬೆಂಕಿ ಹತ್ಕೊಳ್ತೈತೆ!"

"ಹಚ್ಚಿದ ದೀಪ ತೆಗೆದ್ರೆ ಲಕ್ಷ್ಮಿ ಹೋಗ್ತಾಳೆ. ದೀಪ ಇಡಾಕೂ ಆಗದಿದ್ರೆ ನಾಳೇನೇ ಮುಚ್ಚಿಸ್ತೀನಿ."

ಸೊಸೆ ಓಡಿ ಬಂದಳು. "ಅತ್ತೆ, ತಿಪ್ಪೆ ಎಲ್ಲೂ ಹೋಗಿಲ್ಲ. ಕೊಳವೆಯಾಗೆ ಅಡುಗೆಮನೆಗೆ ಬಂದೈತೆ. ಒಲೆಗೇ ಪೂಜೆ ಮಾಡಾಣ ಬರ್ರಿ."

ಅಜ್ಜಿ ಯೋಚಿಸಿ, ಹಣತೆಯನ್ನು ತಾವೇ ಎತ್ತಿಕೊಂಡು ಒಳಗೆ ನಡೆದರು. ಗ್ಯಾಸ್ ಒಲೆಗೆ ಕುಂಕುಮ, ಹೂವು, ಆರತಿ ಎಲ್ಲ ಆಯಿತು. ನಾನು ಉಸಿರುಬಿಟ್ಟೆ.

"ಲಕ್ಷ್ಮೀನ ಕುಂಡ್ರಿಸಿದ ಮೇಲೆ ಅದರ ಮೇಲೆ ಹಂಚು ಇಡೋದಾ? ಹೋಳಿಗೆಗೆ ಕಟ್ಟಿಗೆ ಒಲೆ ಹಚ್ಚು" ಎಂದರು ಅಜ್ಜಿ.

ಸೊಸೆಯ ಮುಖ ಬಾಡಿತು. ಇಂದು ಹತ್ತಿದ ಆ ಕಟ್ಟಿಗೆ ಒಲೆ ಮತ್ತೆ ಆರುವುದಿಲ್ಲ ಎಂದು ನನಗೂ ಅನ್ನಿಸಿತು. ಅವಳು ಒಲೆ ಹಚ್ಚಿ, ಮಣೆ ಹಾಕಿದಳು. "ಹಬ್ಬದ ಹೋಳಿಗೆ ನಿಮ್ಮ ಕೈಯಾಗೇ ಆಗ್ಲಿ ಅತ್ತೆ, ಕುಂತ್ಕಳ್ರಿ."

ಸೊಸೆ ಬಂದ ಮೇಲೆ ಅಜ್ಜಿ ಒಲೆಯ ಮುಂದೆ ಕುಂತದ್ದೇ ಇಲ್ಲ. ಕಟ್ಟೆಯ ಮೇಲಿದ್ದ ನನಗೆ ಮೊದಲು ಕೆಮ್ಮು ಕೇಳಿಸಿತು, ಆಮೇಲೆ ಸೀದ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಅಜ್ಜಿಯೇ ಹೊರಗೆ ಬಂದರು. ಕಣ್ಣು ಕೆಂಪಗಾಗಿತ್ತು. ಸೆರಗಿನಲ್ಲಿ ಒರೆಸಿಕೊಂಡು, ಒಳಗಿನವರಿಗೆ ಕೇಳದ ಹಾಗೆ ಮೆಲ್ಲಗೆ ಕೇಳಿದರು:

"ಸಾಹೇಬ್ರೆ, ಲಕ್ಷ್ಮೀನ ಎಷ್ಟೊತ್ತಿಗೆ ಎಬ್ಬಿಸಬಹುದು?"