ಪಕ್ಕದ ಮನೆಯ ನೆಟ್ಟು

ನೆಟ್ಟಿನ ದರ ಮತ್ತೆ ಏರಿದೆ ಎಂಬ ಮೆಸೇಜು ಬಂದಾಗ ಮುರಳೀಕೃಷ್ಣ ಹಲ್ಲುಜ್ಜುತ್ತಿದ್ದ. ಬಾಯಿತುಂಬ ನೊರೆ ಇಟ್ಟುಕೊಂಡೇ ನೆಟ್ ಕಂಪನಿಯ ಲೈನ್‌ಮನ್ ಸುರೇಶನಿಗೆ ಫೋನು ಹಚ್ಚಿದ.

"ಏನಪ್ಪಾ ಇದು, ಮತ್ತೆ ಏರ್ಸಿದೀರ? ನಾನು ಇನ್ನೊಂದು ಕಂಪನಿಗೆ ಹೋಗ್ತೀನಿ!"

"ಹೋಗಿ ಸಾರ್. ಅವ್ರೂ ನಿನ್ನೆನೇ ಏರ್ಸಿದ್ರು."

ಹೋದ ವರ್ಷ ಎರಡೂ ಕಂಪನಿಯವರು ಮಾಸ್ತಿ ಸುತ್ತಿನ ಹಳ್ಳಿಗಳಲ್ಲಿ ಸವತಿಯರ ಹಾಗೆ ಕಿತ್ತಾಡಿದ್ದರು. ಇವರು ಒಂದು ತಿಂಗಳು ಪುಕ್ಕಟೆ ಎಂದರೆ ಅವರು ಎರಡು ತಿಂಗಳು ಎನ್ನುತ್ತಿದ್ದರು. ಊರಿಗೆ ರುಚಿ ಹತ್ತಿದ ಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣತೊಡಗಿದರು.

ಮುರಳಿ ಫೋನನ್ನೇ ದಿಟ್ಟಿಸಿದ. ಅವನ ವೈಫೈ ಹೆಸರಿನ ಕೆಳಗೆ ಇನ್ನೊಂದು ಹೆಸರು ಹೊಳೆಯುತ್ತಿತ್ತು: 'ಬಚ್ಚಪ್ಪ ಡೈರಿ'. ಪಕ್ಕದ ಮನೆಯಲ್ಲಿ ಹಸು ಸಾಕಿದ್ದ ಬಚ್ಚಪ್ಪನದು. ಅದರ ಪಾಸ್‌ವರ್ಡ್ ಒಂದು ಸಿಕ್ಕಿಬಿಟ್ಟರೆ ದುಡ್ಡು ಯಾಕೆ ಕಟ್ಟಬೇಕು?

"ಸಂಜೆ ಬಂದು ನನ್ ಲೈನ್ ಕಿತ್ತಾಕು," ಎಂದ.

ಒಳಗಿನಿಂದ ಹೆಂಡತಿ ಚಂದ್ರಕಲಾ ಕೂಗಿದಳು. "ರೀ, ಸಂಜೆ ಏಳಕ್ಕೆ ಮುಳಬಾಗಿಲಿನ ಮದುವೆ ಹೆಣ್ಣಿನ ಕಡೆಯವ್ರು ವೀಡಿಯೋದಲ್ಲಿ ನಾನು ಹೊಲಿದಿರೋ ಬ್ಲೌಸ್ ನೋಡ್ತಾರೆ. ಒಪ್ಪಿದ್ರೆ ಮದುವೆ ಮನೆ ಬ್ಲೌಸೆಲ್ಲ ನಂಗೇ. ನೆಟ್ ಸರಿಯಾಗಿರುತ್ತೆ ತಾನೆ?"

"ಇವತ್ತಿಂದ ಇನ್ನೂ ಚೆನ್ನಾಗಿರುತ್ತೆ ಕಣೇ, ನೋಡ್ತಿರು."

ಆ ಊರಿನಲ್ಲಿ ಮೊಬೈಲಿಗೆ ಮಾತಾಡುವಷ್ಟು ಸಿಗ್ನಲ್ ಸಿಗುತ್ತಿತ್ತು, ಮೊಬೈಲಿನಲ್ಲೇ ನೆಟ್ಟು ಬೇಕೆಂದರೆ ನೀರಿನ ಟ್ಯಾಂಕ್ ಹತ್ತಬೇಕಿತ್ತು. ಆದರೂ ಲೈನ್ ಕೀಳಿಸುವ ಗುಟ್ಟನ್ನು ಮುರಳಿ ಹೆಂಡತಿಗೆ ಬಿಡಲಿಲ್ಲ.

ಬಚ್ಚಪ್ಪ ಜಗಲಿಯ ಮೇಲೆ ಕುಸ್ತಿ ವೀಡಿಯೋ ನೋಡುತ್ತಿದ್ದ. ಎಲ್ಲೂ ನಿಲ್ಲದೆ ತುಪ್ಪದಂತೆ ಜಾರುತ್ತಿತ್ತು.

"ನಿಮ್ ನೆಟ್ಟು ಭಾಳ ಚೆನ್ನಾಗದೆ ಬಚ್ಚಪ್ಪಣ್ಣ. ಪಾಸ್‌ವರ್ಡ್ ಒಂಚೂರು..."

"ಕೊಡ್ತೀನಿ ಬಿಡ್ಲಾ. ಮೊದ್ಲು ಆ ಸಗಣಿ ಬುಟ್ಟಿ ತಿಪ್ಪೆಗೆ ಸುರಿದ್ಬಾ."

ಸುರಿದು ಬಂದ. ಹುಲ್ಲು ಕತ್ತರಿಸು ಎಂದ, ಕತ್ತರಿಸಿದ. ಗೌರಿಗೆ ಮೈ ತೊಳಿ ಎಂದ. ಗೌರಿ ಎಂಬ ಆ ಹಸು ಒದ್ದೆ ಬಾಲದಿಂದ ಮುರಳಿಯ ಮುಖಕ್ಕೆ ನೀರನ್ನು ಮದುವೆಮನೆಯ ಪನ್ನೀರಿನಂತೆ ಚಿಮುಕಿಸಿತು. ಕೊಟ್ಟಿಗೆಯ ಗೋಡೆಯಲ್ಲಿ ಎರಡು ಕೊಂಬಿನ ಬಿಳಿ ಡಬ್ಬಿಯೊಂದು ನೇತಾಡುತ್ತಿತ್ತು. ಬಚ್ಚಪ್ಪನ ಹೆಂಡತಿ ಎಲ್ಲಮ್ಮ ಅದರ ಹಣೆಗೂ ಕುಂಕುಮ ಇಟ್ಟಿದ್ದಳು. ಇದೇ ನೆಟ್ಟಿನ ಮೂಲಸ್ಥಾನ ಎಂದು ಮುರಳಿ ಭಕ್ತಿಯಿಂದ ನೋಡಿದ.

"ಏನಪ್ಪಾ ಮುರಳಿ, ಬಚ್ಚಪ್ಪ ಸಂಬಳ ಎಷ್ಟು ಕೊಡ್ತಾನೆ?" ಎಂದು ಎದುರುಮನೆಯ ಆದಿಲಕ್ಷ್ಮಮ್ಮ ಬೀದಿಗೆಲ್ಲ ಕೇಳುವಂತೆ ವಿಚಾರಿಸಿದಳು. ಮುರಳಿ ತಲೆ ತಗ್ಗಿಸಿ ಸಗಣಿ ಬಾಚಿದ.

ಸಂಜೆ ಮುರಳಿ ಊರ ಡೈರಿಗೆ ಹಾಲು ಹಾಕಿಬಂದ ಮೇಲೆಯೇ ಎಲ್ಲಮ್ಮನ ಮನಸ್ಸು ಕರಗಿತು. ಕಿವಿಯ ಹತ್ತಿರ ಬಂದು, "ಗೌರಿ ಅಂತ ಹಾಕು, ಅಷ್ಟೇ. ಯಾರ್ಗೂ ಹೇಳ್ಬ್ಯಾಡ," ಎಂದಳು.

ಹೊರಗೆ ಸುರೇಶ ಕಂಬ ಹತ್ತಿ ನಿಂತಿದ್ದ. "ಸಾರ್, ಕಿತ್ತಾಕ್ಲಾ?"

"ಧೈರ್ಯವಾಗಿ ಕಿತ್ತಾಕಪ್ಪಾ!" ಎಂದು ಮುರಳಿ ಯುದ್ಧ ಗೆದ್ದವನಂತೆ ಕೈ ಬೀಸಿದ.

ಫೋನಿನಲ್ಲಿ ಗೌರಿ ಎಂದು ಒತ್ತಿದ. ಸೇರಿಕೊಂಡಿತು. ಆದರೆ ಪರದೆಯ ಮೇಲೆ ಚಕ್ರವೊಂದು ಗಾಣದೆತ್ತಿನಂತೆ ಸುತ್ತತೊಡಗಿತು, ನಿಲ್ಲಲೇ ಇಲ್ಲ. ಅಷ್ಟರಲ್ಲಿ ಜಗಲಿಯಿಂದ ಬಚ್ಚಪ್ಪ ಗರ್ಜಿಸಿದ. "ಏಮಿರಾ ಇದು! ಪೈಲ್ವಾನ್ ಎತ್ತಿದ ಕಾಲು ಇಳಿಸ್ತಾನೇ ಇಲ್ಲ! ಲೇ ಮುರಳಿ, ನೀನು ಕೈ ಇಟ್ಟೆ, ನಮ್ ನೆಟ್ ಸತ್ತೋಯ್ತು!"

ಸುರೇಶನನ್ನು ಕೊಟ್ಟಿಗೆಗೆ ಎಳೆತಂದರು. ಅವನು ಡಬ್ಬಿಯ ಹಿಂದೆ ಮುಂದೆ ನೋಡಿ ನಕ್ಕ.

"ಇದಕ್ಕೆ ಲೈನೇ ಇಲ್ವಲ್ಲ. ಇದು ಅಕ್ಕಪಕ್ಕದ ಮನೆ ನೆಟ್ಟನ್ನ ಹಿಡಿದು ಮುಂದಕ್ಕೆ ತಳ್ಳೋ ಡಬ್ಬಿ ಅಷ್ಟೇ."

"ಯಾರ ಮನೇದು?" ಎಂದ ಮುರಳಿ.

ಸುರೇಶ ಈಗಷ್ಟೇ ಕಿತ್ತು ತನ್ನ ಹೆಗಲಿಗೆ ಹಾಕಿಕೊಂಡಿದ್ದ ವೈರಿನ ಸುರುಳಿಯನ್ನು ನೋಡಿದ. ಆಮೇಲೆ ಮುರಳಿಯನ್ನು ನೋಡಿದ.

"ನಮ್ ಪಾಸ್‌ವರ್ಡ್ ನಾನೇ ಕೊಟ್ಟಿದ್ದು," ಎಂದಳು ಕಾಂಪೌಂಡಿನ ಆಚೆಯಿಂದ ಚಂದ್ರಕಲಾ. "ಎಲ್ಲಮ್ಮಕ್ಕ ದಿನಾ ಹೆಪ್ಪು ಕೊಡ್ತಾರೆ, ನೆಟ್ ಕೇಳಿದ್ರೆ ಇಲ್ಲ ಅನ್ನಕ್ಕಾಗುತ್ತಾ? ಅದಿರ್ಲಿ, ನಮ್ ನೆಟ್ ಯಾಕೆ ಹೋಗಿದೆ?"

ಮುರಳಿ ಸುರೇಶನ ಕೈ ಹಿಡಿದುಕೊಂಡ. "ವಾಪಸ್ ಹಾಕಪ್ಪಾ."

"ನಿಮ್ ಹೆಸರು ತೆಗೆದಾಯ್ತು ಸಾರ್. ನಾಳೆ ಹೊಸದಾಗಿ ಹಾಕಿಸ್ಕೊಳ್ಳಿ. ಹೊಸ ದರ, ಮೇಲೆ ವೈರ್ ಎಳೆಯೋ ಖರ್ಚು."

ಏಳು ಗಂಟೆಗೆ ಮುರಳಿ ನೀರಿನ ಟ್ಯಾಂಕಿನ ತುದಿಯಲ್ಲಿದ್ದ. ಚಂದ್ರಕಲಾಗೆ ಎತ್ತರವೆಂದರೆ ತಲೆಸುತ್ತು, ಹಾಗಾಗಿ ಬ್ಲೌಸಿನ ಗಂಟು ಅವನ ಹೆಗಲಿಗೇ ಬಿದ್ದಿತ್ತು. ಕೆಳಗೆ ಊರು ಸೇರಿತ್ತು.

"ಹಂಗೆ ಹಿಡ್ಕೊಂಡ್ರೆ ಗೊತ್ತಾಗಲ್ಲ ಅಣ್ಣಾ, ಮೈಗೆ ಇಟ್ಕೊಂಡು ತೋರ್ಸಿ," ಎಂದರು ವೀಡಿಯೋದಲ್ಲಿದ್ದ ಮುಳಬಾಗಿಲಿನ ಹೆಂಗಸರು. ಫೋನನ್ನು ಕಂಬಿಗೆ ಒರಗಿಸಿ, ನವಿಲು ಕಸೂತಿಯ ಬ್ಲೌಸನ್ನು ಎದೆಗೊತ್ತಿಕೊಂಡು ಮುರಳಿ ನಿಂತ. "ಈಗ ಬೆನ್ನು!" ತಿರುಗಿದ. ಆದಿಲಕ್ಷ್ಮಮ್ಮ ಸೆರಗು ಬಾಯಿಗೆ ತುರುಕಿಕೊಂಡಳು.

ಟ್ಯಾಂಕಿನ ಕೆಳಗಿನ ಮೆಟ್ಟಿಲ ಮೇಲೆ ಬಚ್ಚಪ್ಪ ಫೋನು ಹಿಡಿದು ಆಗಲೇ ಕೂತಿದ್ದ.

"ಲೇ ಮುರಳಿ, ಹಂಗೇ ಹಾಟ್‌ಸ್ಪಾಟ್ ಆನ್ ಮಾಡ್ಲಾ! ಪಾಸ್‌ವರ್ಡ್ ಗೌರಿ ಅಂತಾನೇ ಇಡು. ಬೇರೆ ಏನಾದ್ರೂ ಇಟ್ರೆ ನಂಗೆ ಮರ್ತೋಗುತ್ತೆ."