ಹೌದಪ್ಪನ ತರ್ಕಶಾಸ್ತ್ರ

ಆ ಸಲೂನಿನವನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಹೌದಪ್ಪ. ಕುರ್ಚಿಯಲ್ಲಿ ಕೂತವರು ಏನೇ ಹೇಳಲಿ, ಕತ್ತರಿ ಆಡಿಸುತ್ತಾ 'ಹೌದು ಸಾರ್' ಎನ್ನುತ್ತಿದ್ದ. ಈ ಸರಕಾರ ಬೀಳಬೇಕು ಎಂದವನಿಗೂ ಹೌದು, ಅವನೆದ್ದ ಮೇಲೆ ಅದೇ ಕುರ್ಚಿಯಲ್ಲಿ ಕೂತು ಇದೇ ಸರಕಾರ ಇರಬೇಕು ಎಂದವನಿಗೂ ಹೌದು. ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಹಾಗೇ ಇದ್ದುಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಇವತ್ತಿಗೂ ಕೈಕೈ ಹಿಸುಕಿಕೊಳ್ಳುತ್ತಾನೆ, ಪಾಪ.

ಕಿತಾಪತಿಯೆಲ್ಲ ಹೆಂಡತಿಯ ತಮ್ಮನದು. "ಭಾವಾ, ಗಿರಾಕಿ ಇಲ್ಲದಾಗ ಸುಮ್ನೆ ಆಕಳಿಸ್ತಾ ಕೂರ್ತೀರಲ್ಲ, ಇದನ್ನ ಕೇಳಿ. ಪುಕ್ಕಟೆ!" ಎಂದು ಫೋನಿನಲ್ಲಿ ತರ್ಕಶಾಸ್ತ್ರದ ಆನ್‌ಲೈನ್ ಪಾಠ ಹಾಕಿಕೊಟ್ಟ. ಪಾಠ ಹೇಳುವ ಮೇಷ್ಟ್ರು ಎಷ್ಟು ಸಮಾಧಾನದಿಂದ ಹೇಳುತ್ತಿದ್ದರೆಂದರೆ, ಹೌದಪ್ಪ ದಿನಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೈಮರೆಯತೊಡಗಿದ. ಯಾರು ಏನೇ ಹೇಳಿದರೂ ಆಧಾರ ಕೇಳಬೇಕು. ಒಂದಾದ ಮೇಲೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದೇ ಕಾರಣವಲ್ಲ. ಎಲ್ಲರೂ ಮಾಡುತ್ತಾರೆ ಎಂಬುದು ಒಂದು ವಾದವೇ ಅಲ್ಲ. ಅಯ್ಯೋ, ಇಷ್ಟು ವರ್ಷ ಎಂಥೆಂಥಾ ಮಾತಿಗೆಲ್ಲ ತಲೆಯಾಡಿಸಿಬಿಟ್ಟೆನಲ್ಲಾ ಎಂದು ಅವನಿಗೆ ನಾಚಿಕೆಯಾಯಿತು. ಪಾಠ ಮುಗಿದ ಮರುದಿನ ಅಂಗಡಿ ಬಾಗಿಲು ತೆರೆದವನು ಹೊಸ ಮನುಷ್ಯ.

ಮೊದಲು ಸಿಕ್ಕಿಬಿದ್ದವರು ಔಷಧಿ ಅಂಗಡಿಯವರು. ಮುಖದ ತುಂಬ ನೊರೆ ಮೆತ್ತಿಸಿಕೊಂಡು, "ಮೂಲೆ ಮನೆಗೆ ಹೊಸಬರು ಬಂದಾಗಿನಿಂದ ನಮ್ಮ ನಲ್ಲೀಲಿ ನೀರೇ ಇಲ್ಲ ನೋಡು. ಎಂಥಾ ಕಾಲ್ಗುಣವೋ!" ಎಂದರು.

ಹೌದಪ್ಪ ರೇಜರ್ ತಡೆದ. "ಅದಕ್ಕೆ ಆಧಾರ ಏನು ಸಾರ್? ಅದೇ ವಾರ ನೀವೂ ಹೊಸ ಕನ್ನಡಕ ಹಾಕ್ಕೊಂಡ್ರಿ. ಅದರ ಗುಣ ಯಾಕಾಗಿರಬಾರದು?"

ಔಷಧಿ ಅಂಗಡಿಯವರು ಒಂದು ಕೆನ್ನೆಯ ನೊರೆಯನ್ನು ಒರೆಸಿಕೊಳ್ಳದೆ ಎದ್ದು ಹೋದರು.

ಪಕ್ಕದ ಟೀ ಅಂಗಡಿಯವನು ಲೋಟ ಹಿಡಿದು ಬಂದ. "ಏನಾಯ್ತೋ? ಅರ್ಧ ಮುಖದಲ್ಲೇ ಓಡಿದ್ರಲ್ಲ! ತಗೋ, ಟೀ ಕುಡಿ. ನನ್ನ ಟೀ ಚೆನ್ನಾಗಿಲ್ಲ ಅಂದೋನು ಇವತ್ತಿನವರೆಗೂ ಒಬ್ಬನೂ ಇಲ್ಲ."

"ಅನ್ನಲಿಲ್ಲ ಅಂದ್ರೆ ಚೆನ್ನಾಗಿದೆ ಅಂತಲೇ ಅಲ್ಲ ಕಣಯ್ಯ. ಹಂಗನ್ನೋರು ಎರಡನೇ ಸಲ ಬಂದೇ ಇಲ್ಲದಿರಬಹುದು."

ಟೀ ಅಂಗಡಿಯವನು ಲೋಟ ಕಿತ್ತುಕೊಂಡು ಹೋದ.

ಅಷ್ಟಕ್ಕೇ ನಿಂತಿದ್ದರೂ ಬದುಕಿಕೊಳ್ಳುತ್ತಿದ್ದ. ಆದರೆ ಆಮೇಲೆ ಬಂದವರು ಕಟ್ಟಡದ ಯಜಮಾನರು. ಹಿಂದೆ ಕುರ್ಚಿ ಹಾಕಲು ಎಲ್ಲೂ ಜಾಗ ಸಿಗದೆ ಅಲೆಯುತ್ತಿದ್ದಾಗ, ಹಿಂದುಮುಂದು ವಿಚಾರಿಸದೆ ಅಂಗಡಿಯ ಕೀಲಿಕೈ ಕೊಟ್ಟ ಪುಣ್ಯಾತ್ಮ. ಹೌದಪ್ಪನ ಮನೆಯ ಒಲೆ ಉರಿಯುತ್ತಿದ್ದುದೇ ಈ ಅಂಗಡಿಯಿಂದ. ತಲೆಗೆ ಬಣ್ಣ ಹಚ್ಚಿಸಿಕೊಂಡ ಯಜಮಾನರು ಕನ್ನಡಿ ನೋಡಿ ನಕ್ಕರು. "ಬಣ್ಣ ಹಾಕಿಸ್ಕೊಂಡ್ರೆ ಹುಡುಗನ ಥರ ಕಾಣ್ತೀನಂತೆ. ನಮ್ಮನೆಯವಳೇ ಹೇಳಿದ್ಲು."

"ಅಮ್ಮಾವ್ರಿಗೆ ನಿಮ್ಮ ಮೇಲೆ ಪ್ರೀತಿ ಸಾರ್. ಪ್ರೀತಿ ಇರೋರ ಸಾಕ್ಷಿ ನಿಲ್ಲಲ್ಲ," ಎಂದುಬಿಟ್ಟ ಹೌದಪ್ಪ.

ಯಜಮಾನರ ನಗು ಆರಿಹೋಯಿತು. ದಿನಾ ಕತ್ತು ತಿಕ್ಕಿಸಿಕೊಳ್ಳದೆ ಏಳದವರು, ಇವತ್ತು ಹಾಗೇ ಎದ್ದು ಹೋದರು. ಹೌದಪ್ಪ ಅವರ ಬಾಗಿದ ಬೆನ್ನು ನೋಡುತ್ತಾ ನಿಂತ. ಥೂ, ನನ್ನ ನಾಲಿಗೆಗೆ ಬೆಂಕಿ ಬೀಳ, ಪಾಪದ ಮನುಷ್ಯನ ಅಷ್ಟು ಸಣ್ಣ ಸಂತೋಷ ನನಗೇನು ಅಡ್ಡ ಬಂದಿತ್ತು ಎಂದು ತನ್ನನ್ನೇ ಬೈದುಕೊಂಡ.

ಟೀ ಅಂಗಡಿಯವನು ಗೋಡೆಯಾಚೆಯಿಂದ ಇಣುಕಿ, "ಓನರನ್ನೇ ಎದುರು ಹಾಕ್ಕೊಂಡ್ಯಾ? ಸಾಮಾನು ಕಟ್ಕೋ ಇನ್ನು," ಎಂದ.

ಮಧ್ಯಾಹ್ನ ಬುತ್ತಿ ತಂದ ಹೆಂಡತಿಯ ಕಿವಿಗೂ ಟೀ ಅಂಗಡಿಯವನೇ ಎಲ್ಲ ಊದಿದ. ಅವಳು ಬುತ್ತಿ ಕುಕ್ಕಿ, "ಏನೂಂದ್ರೆ, ಜನ ಇಲ್ಲಿಗೆ ಬರೋದು ಕೂದಲು ಕತ್ತರಿಸ್ಕೊಳ್ಳೋಕೆ. ಮಾತು ಕತ್ತರಿಸ್ಕೊಳ್ಳೋಕಲ್ಲ. ಇನ್ನು ಮೇಲೆ ಯಾರೇನಂದ್ರೂ ಹೌದು ಅನ್ನಬೇಕು. ನನ್ನಾಣೆ!" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಹೌದಪ್ಪ ಅಲ್ಲೇ ಫೋನಿನಿಂದ ಪಾಠವನ್ನೆಲ್ಲ ಅಳಿಸಿ ಹಾಕಿದ.

ಮಧ್ಯಾಹ್ನದ ಮೇಲೆ ಬಂದ ಗಿರಾಕಿಯೊಬ್ಬ, "ಸ್ವಲ್ಪ ಜಾಸ್ತಿನೇ ಗಿಡ್ಡ ಆಯ್ತಲ್ವಾ?" ಎಂದಾಗ "ಹೌದು ಸಾರ್" ಎಂದ. "ಹಾಳು ಮಾಡಿಬಿಟ್ಟೆಯಲ್ಲಯ್ಯಾ?" ಎಂದಾಗಲೂ "ಹೌದು ಸಾರ್" ಎಂದ. ಬೈಸಿಕೊಂಡರೂ ಆಣೆ ಉಳಿಯಿತು.

ಸಂಜೆ ಬಾಗಿಲಲ್ಲಿ ಮತ್ತೆ ಯಜಮಾನರು! ಅಂಗಡಿ ಖಾಲಿ ಮಾಡಿಸಲೇ ಬಂದರು ಎಂದುಕೊಂಡ ಹೌದಪ್ಪ, ಕೇಳುವ ಮೊದಲೇ ಕುರ್ಚಿ ಒರೆಸಿ ಕೂರಿಸಿ ಕತ್ತು ತಿಕ್ಕತೊಡಗಿದ. ಯಜಮಾನರ ಮುಖದಲ್ಲಿ ಸಿಟ್ಟಿರಲಿಲ್ಲ.

"ಒಂದು ಮಾತು ಕೇಳೋಣ ಅಂತ ಬಂದೆ. ನನ್ನ ಷಡ್ಡಕ ಪ್ರಾಣ ತಿಂತಿದಾನೆ. ಎಲ್ಲರೂ ಹಳೇ ಆಸ್ತಿ ಮಾರ್ತಿದಾರೆ, ನೀವೂ ಕೊಟ್ಬಿಡಿ ಅಂತಾನೆ. ವಿಷಯ ನಿನ್ನ ಕಿವಿಗೂ ಬಿದ್ದಿರುತ್ತೆ."

ಏನೂ ಬಿದ್ದಿರಲಿಲ್ಲ. "ಹೌದು ಸಾರ್," ಎಂದ ಹೌದಪ್ಪ. ಯಜಮಾನರ ಮನೆ ಹಿಂದೆ ಕಳೆ ಬೆಳೆದು ಬಿದ್ದಿದ್ದ ಖಾಲಿ ಸೈಟು ಅವನ ಕಣ್ಣ ಮುಂದೆ ಬಂದಿತ್ತು.

"ಎಲ್ಲರೂ ಮಾರ್ತಿದಾರೆ ಅಂತ ನಾನೂ ಮಾರೋದು ಸರಿನಾ?"

ಪಾಠದ ಮೇಷ್ಟ್ರು ಒಳಗಿನಿಂದ ಒದ್ದಂತಾಯಿತು. ಹೌದಪ್ಪ ಹಲ್ಲು ಕಚ್ಚಿ ಹಿಡಿದುಕೊಂಡ. "ಹೌದು ಸಾರ್. ಎಲ್ಲರೂ ಮಾಡ್ತಿದಾರೆ ಅಂದ್ಮೇಲೆ ಸರಿನೇ ಇರುತ್ತೆ."

"ಯೋಚನೆ ಮಾಡಿ ಹೇಳ್ತಿದೀಯಾ?"

"ಹೌದು ಸಾರ್. ಕೊಟ್ಬಿಡಿ."

ಯಜಮಾನರು ಉದ್ದಕ್ಕೆ ಉಸಿರುಬಿಟ್ಟರು. "ಬೆಳಿಗ್ಗೆ ನೀನಂದದ್ದು ಚುಚ್ಚಿತು ಕಣಯ್ಯ. ಮನೆಗೆ ಹೋಗಿ ಯೋಚಿಸಿದ್ರೆ, ನನ್ನ ಸುತ್ತ ಇರೋರಲ್ಲಿ ಇದ್ದದ್ದನ್ನ ಇದ್ದ ಹಾಗೆ ಹೇಳಿದೋನು ನೀನೊಬ್ಬನೇ. ನೀನು ಬೇಡ ಅಂದಿದ್ರೆ ಬಿಟ್ಟೇಬಿಡೋಣ ಅಂದ್ಕೊಂಡಿದ್ದೆ. ನೀನೇ ಕೊಡಿ ಅಂದ್ಮೇಲೆ ಮುಗೀತು."

ಎಂದವರೇ ಫೋನ್ ತೆಗೆದು ಕಿವಿಗಿಟ್ಟುಕೊಂಡರು. ಹೌದಪ್ಪ ಕತ್ತು ತಿಕ್ಕುತ್ತಲೇ ಇದ್ದ.

"ಹಲೋ, ಆಯ್ತಪ್ಪ, ಸಲೂನ್ ಇರೋ ಕಟ್ಟಡ ಕೊಟ್ಟೆ ಅಂತ ಕೊಳ್ಳೋರಿಗೆ ಹೇಳ್ಬಿಡು. ಅಂಗಡಿ ಒಡೆದು ಹೊಸದು ಕಟ್ಕೊಳ್ಳಲಿ. ಇಲ್ಲ ಇಲ್ಲ, ಬಾಡಿಗೆಯವನದ್ದೇನೂ ತಕರಾರಿಲ್ಲ. ಇಲ್ಲೇ ಇದಾನೆ, ಖುಷಿಯಿಂದ ಒಪ್ಪಿದ. ಬಂಗಾರದಂಥಾ ಮನುಷ್ಯ ಕಣೋ, ಪಾಪ, ಒಂದು ಪ್ರಶ್ನೆ ಕೂಡ ಕೇಳಲಿಲ್ಲ."