ತೊಂಬತ್ನಾಲ್ಕಕ್ಕೆ ಬಗ್ಗಿದ ಪಟ್ಟಿ

“ಲೋ ವಸಂತ, ಏಳ್ನೇ ಕ್ಲಾಸಿಗೇ ಸ್ಕೂಲ್ ಬುಟ್ಟೋನ ಕೈಗೆ ಕಬ್ಬಿಣ ಕೊಟ್ರೆ ಹಿಂಗೇ ಆಗೋದು! ಮೂಲೆಮಟ್ಟ ಅಂದ್ರೆ ಏನೂಂತಾನಾದ್ರೂ ಗೊತ್ತೈತೇನೋ?”

ಎಸ್ಟೇಟಿನ ದೇವೇಂದ್ರಗೌಡರು ಹೀಗೆ ಗದರಿದ್ದೇ ತಡ, ಬೆಳಗೋಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ವಸಂತನ ವೆಲ್ಡಿಂಗ್ ಶಾಪಿನತ್ತ ತಿರುಗಿದರು. ಅವನು ಉದ್ದನೆಯ ಲಿವರಿಗೆ ಜೋತುಬಿದ್ದು ಕಬ್ಬಿಣದ ಪಟ್ಟಿ ಬಗ್ಗಿಸುತ್ತಿದ್ದ. ಗೌಡರ ಅಕ್ಕನ ಮಗ, ಇಂಜಿನಿಯರ್ ಪ್ರವೀಣ್ ಅಳತೆ ಹಿಡಿದ.

“ತೊಂಬತ್ತು ಡಿಗ್ರಿ ಬೇಕು ಮಾವ. ಇದು ತೊಂಬತ್ನಾಲ್ಕಿದೆ.”

“ಒಸಿ ತಡೀರಿ ಗೌಡ್ರೇ, ಬುಟ್ಟಾಗ ಕಬ್ಬಿಣ ವಾಪಸ್ ಬರ್ತೈತೆ.” ವಸಂತ ಲಿವರ್ ಬಿಟ್ಟ. ಪಟ್ಟಿ ಸರಿಯಾಗಿ ತೊಂಬತ್ತಕ್ಕೆ ನಿಂತಿತು.

“ಅದು ಲಕ್ಕು,” ಎಂದ ಪ್ರವೀಣ್. “ಒಂದು ಪೀಸ್ ನಂಬಿ ನೂರಿಪ್ಪತ್ತು ಪೀಸ್ ಮಾಡೋಕಾಗಲ್ಲ. ಕಂಪ್ಯೂಟರಲ್ಲಿ ಸಿಮ್ಯುಲೇಶನ್ ಮಾಡ್ತೀನಿ. ಅಲ್ಲೀವರೆಗೆ ಒಂದನ್ನೂ ಬಗ್ಗಿಸಬೇಡ.”

ಹೆತ್ತೂರಿನ ಕಾಫಿ ಸ್ಟೋರಿನ ಸೂರಿಗೆ ಮಳೆನೀರಿನ ದೋಣಿ ಕೂರಿಸಲು ಬೇಕಾದ ಬ್ರಾಕೆಟ್‌ಗಳವು. ಐದು ಗಂಟೆಗೆ ಪಿಕಪ್ ಬರುವುದರೊಳಗೆ ಮುಗಿಸಿದರೆ ಎಸ್ಟೇಟಿನ ಗೇಟು, ಕಿಟಕಿಗಳೆಲ್ಲ ವಸಂತನಿಗೇ. ಅಷ್ಟು ದೊಡ್ಡ ಕೆಲಸ ಅವನ ಶಾಪಿನ ಬಾಗಿಲು ಕಂಡೇ ಇರಲಿಲ್ಲ. ಹಲ್ಲು ಕಚ್ಚಿಕೊಂಡ.

ಅವನ ಸ್ಟೂಲಿನ ಮೇಲೇ ಪ್ರವೀಣನ ಲ್ಯಾಪ್‌ಟಾಪ್ ಕೂತಿತು. ಪರದೆಯಲ್ಲಿ ಪಟ್ಟಿ ಸಾವಿರಾರು ಪುಟ್ಟ ಚೌಕಗಳಾಯಿತು. ಒಂದೊಂದು ಚೌಕ ಎಷ್ಟು ಬಾಗುತ್ತದೆ ಎಂದು ಲೆಕ್ಕ ಹಾಕಿ ಕೂಡಿಸುವುದಂತೆ.

ಪಕ್ಕದ ಸೈಕಲ್ ಶಾಪಿನ ಶಿವಯ್ಯ ಇಣುಕಿದ. “ಅಯ್ಯೋ ಮಾರಾಯ, ಒಳ್ಳೆ ಪಟ್ಟೀನ ಕೊತ್ತಂಬರಿ ಸೊಪ್ಪಿನಂಗೆ ಹೆಚ್ಚಾಕ್ಬುಟ್ರಲ್ಲೋ!”

ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದರಿಂದ ಅದು ಶಾಪಿನ ಕರೆಂಟಿನಲ್ಲೇ ಓಡಬೇಕಿತ್ತು. ವೋಲ್ಟೇಜ್ ಬೀಳಬಾರದೆಂದು ವೆಲ್ಡಿಂಗ್ ಮಿಷನ್ನೂ ಬಂದ್ ಆಯಿತು. ಮುರಿದ ಕ್ಯಾರಿಯರ್ ತಂದ ಆಟೋದವನು ಬೈದುಕೊಂಡು ಹೋದ. ಹನ್ನೆರಡಕ್ಕೆ, ಲೆಕ್ಕ ಅರವತ್ತೆರಡು ಪರ್ಸೆಂಟ್ ಆಗಿದ್ದಾಗ, ಕರೆಂಟ್ ಹೋಯಿತು. ಬಂದ ಮೇಲೆ ಮತ್ತೆ ಸೊನ್ನೆಯಿಂದ. ಎರಡೂವರೆಗೆ ಪರದೆಯ ಪಟ್ಟಿ ಬಾಲ ತುಳಿಸಿಕೊಂಡ ಕೇರೆಹಾವಿನಂತೆ ನುಲಿದು, ಮೂಲೆಯಿಂದಾಚೆ ಹಾರಿಹೋಯಿತು.

“ಎಲ್ಲಿಗ್ ಹೋಯ್ತು?” ಶಿವಯ್ಯ ಪರದೆಯ ಹಿಂದೆ ನೋಡಿದ. “ಇಷ್ಟೊತ್ಗೆ ದೋಣಿಗಲ್ ದಾಟಿ ಘಾಟಿ ಇಳೀತಿರ್ತೈತೆ ಕಣ್ರೀ.”

ಪ್ರವೀಣ್ ತಲೆ ಕೆರೆದ. “ಈ ಕಬ್ಬಿಣದ ಗುಣ ಸರಿಯಾಗಿ ತುಂಬಬೇಕು. ವಸಂತ, ಬಿಟ್ಟಾಗ ಇದು ಎಷ್ಟು ವಾಪಸ್ ಬರುತ್ತೆ?”

“ಬೆಳಗ್ಗಿಂದ ಅದನ್ನೇ ಬಡ್ಕೋತಾ ಇವ್ನಿ! ನೀವೇ ಅಳೆದ್ರಲ್ಲ ಸಾರ್! ತೊಂಬತ್ನಾಲ್ಕು ಬಗ್ಗಿಸಿದ್ರೆ ತೊಂಬತ್ತಾಗ್ತೈತೆ!”

ಪ್ರವೀಣ್ ವಸಂತನ ಪಟ್ಟಿಯನ್ನೇ ಮುಂದಿಟ್ಟುಕೊಂಡು, ಪರದೆಯದೂ ಹಾಗೇ ಬಾಗುವ ತನಕ ಅಂಕಿಗಳನ್ನು ತಿದ್ದಿದ. ನಾಲ್ಕೂ ಮುಕ್ಕಾಲಿಗೆ ಕುಣಿದೆದ್ದ. “ಬಂತು ಮಾವ! ತೊಂಬತ್ನಾಲ್ಕಕ್ಕೆ ಬಗ್ಗಿಸಬೇಕಂತೆ!”

ಗೌಡರು ಅಳಿಯನ ಬೆನ್ನು ತಟ್ಟಿ, ಬಸ್ಸಿಗೆ ನಿಂತವರಿಗೂ ಕೇಳುವಂತೆ ಕೂಗಿದರು. “ನೋಡ್ದೇನೋ ವಸಂತ, ವಿದ್ಯೆ ಅಂದ್ರೆ ಇದು! ನಾಲ್ಕು ಡಿಗ್ರಿ ಜಾಸ್ತಿ ಬಗ್ಗಿಸ್ಬೇಕಂತೆ. ಅಷ್ಟೂ ತಿಳೀದೆ ಇಡೀ ದಿನ ಕೈಕಟ್ಕೊಂಡು ಕೂತಿದ್ಯಲ್ಲೋ! ನಿನ್ ಕೈಲಾಗಲ್ಲ ಬುಡು, ಹಾಸನದಾಗೆ ಪ್ರೆಸ್ಸಿಗೆ ಹಾಕಿಸ್ತೀನಿ.”

ಪಿಕಪ್ ಬಂತು. ಕತ್ತರಿಸಿಟ್ಟ ಪಟ್ಟಿಗಳೆಲ್ಲ ಅದಕ್ಕೇರಿದವು. ಗೌಡರು ಕೈ ಚಾಚಿದರು. “ಬೆಳಗ್ಗೆ ಬಗ್ಗಿಸಿದ್ಯಲ್ಲ, ಅದನ್ನಿತ್ತ ಕೊಡು. ಸರಿಯಾಗೈತೆ. ಹಾಸನದೋರಿಗೆ ಸ್ಯಾಂಪಲ್ ಬೇಕು.”

ವಸಂತ ಪಟ್ಟಿಯನ್ನು ಗೌಡರ ಅಂಗೈ ಮೇಲಿಟ್ಟು, ಪ್ಯಾಂಟಿಗೆ ಕೈ ಒರೆಸಿ, ಶಾಪಿನ ಬಾಗಿಲನ್ನೂ ಹಾಕದೆ ರಸ್ತೆಗಿಳಿದ.

“ಲೋ, ಫೋನ್ ಆನ್ ಮಾಡಿಟ್ಟಿರು!” ಹಿಂದಿನಿಂದ ಗೌಡರು ಕೂಗಿದರು. “ಹೆಂಗೆ ಬಗ್ಗಿಸ್ಬೇಕು ಅಂತ ಅವ್ರು ಕೇಳಿದ್ರೆ ನೀನೇ ಹೇಳ್ಕೊಡ್ಬೇಕು!”